ಸ್ಟೋರಿಲೈನ್ ತಗೊಳ್ಳೋದಾ, ಎಚ್‌5ಪಿ ಸಾಕಾ?

ಜಯನಗರದಲ್ಲಿ ಟ್ಯೂಷನ್ ನಡೆಸುವ ಗೆಳತಿ ಆನ್‌ಲೈನ್ ಪಾಠ ಕಟ್ಟಲು ಯಾವುದು ಸರಿ ಅಂತ ಕೇಳಿದ್ದಾಳೆ. ಎರಡೂ ರಸಪ್ರಶ್ನೆ, ವಿಡಿಯೊ ಸೇರಿಸಿ ಪಾಠ ತಯಾರಿಸುವ ಸಾಫ್ಟ್‌ವೇರ್‌ಗಳು.

ದುಡ್ಡಿನ ಮಾತು ಬೇಗ ಮುಗಿಯುತ್ತದೆ. ಸ್ಟೋರಿಲೈನ್‌ಗೆ ಒಬ್ಬರಿಗೆ ವರ್ಷಕ್ಕೆ ಸಾವಿರ ಡಾಲರ್‌ಗೂ ಜಾಸ್ತಿ ಚಂದಾ. ಎಚ್‌5ಪಿ ಓಪನ್ ಸೋರ್ಸ್, ಉಚಿತ. ಆನ್‌ಲೈನ್ ತರಗತಿ ನಡೆಸುವ ಮೂಡಲ್ ಸಾಫ್ಟ್‌ವೇರ್ ಇದ್ದರೆ ಅದರೊಳಗೇ ಸಿಗುತ್ತದೆ.

ಸ್ಟೋರಿಲೈನ್‌ಗೆ ವಿಂಡೋಸ್ ಬೇಕು, ಎಚ್‌5ಪಿಗೆ ಬ್ರೌಸರ್ ಸಾಕು. ರಸಪ್ರಶ್ನೆ, ನಡುನಡುವೆ ಪ್ರಶ್ನೆ ಕೇಳುವ ವಿಡಿಯೊ, ಇಷ್ಟೇ ಆದರೆ ಸುಮ್ನೆ ಯಾಕೆ ಖರ್ಚು? ಆದರೆ ವೈಟ್‌ಫೀಲ್ಡ್ ಕಡೆಯ ಕಂಪನಿಗಳಿಗೆ ತರಬೇತಿ ಮಾಡಿಕೊಡುವವರಿಗೆ ಲೆಕ್ಕವೇ ಬೇರೆ. ಆ ಕಂಪನಿಗಳು ಸ್ಕಾರ್ಮ್ ಫೈಲ್ ಕೇಳುತ್ತವೆ, ಅಂದರೆ ಬೇರೆ ಬೇರೆ ಕಲಿಕಾ ಸಾಫ್ಟ್‌ವೇರ್‌ಗಳಲ್ಲಿ ಓಡುವ, ಯಾರು ಎಷ್ಟು ಮುಗಿಸಿದರು ಅಂತ ತಿಳಿಸುವ ಪಾಠದ ಫೈಲ್. ಸ್ಟೋರಿಲೈನ್ ಅದನ್ನು ನೇರವಾಗಿ ಕೊಡುತ್ತದೆ. ಟ್ರಿಗರ್ (ಏನು ಒತ್ತಿದರೆ ಏನಾಗಬೇಕು ಅನ್ನುವ ನಿಯಮ), ವೇರಿಯಬಲ್‌ಗಳ (ಅಂಕ, ಹೆಸರಿನಂಥ ಬದಲಾಗುವ ಮಾಹಿತಿ) ಹಿಡಿತವೂ ಅಲ್ಲೇ ಜಾಸ್ತಿ.

ಬೇಕಾದ ಸೌಲಭ್ಯ ಇಲ್ಲದಿದ್ದರೆ? ನನಗೆ ಮುಖ್ಯ ಅನಿಸುವುದು ಇದೇ. ಸ್ಟೋರಿಲೈನ್‌ನಲ್ಲಿ ಅದನ್ನು ತಯಾರಿಸುವ ಕಂಪನಿಗೆ ಬೇಡಿಕೆ ಕಳಿಸಿ ಕಾಯಬೇಕು. ಎಚ್‌5ಪಿಯ ಕೋಡ್ ಎಲ್ಲರಿಗೂ ಸಿಗುತ್ತದೆ, ಜಾವಾಸ್ಕ್ರಿಪ್ಟ್ ಬಲ್ಲವರು ಹೊಸದನ್ನು ಸೇರಿಸಬಹುದು. ಬೆಂಗಳೂರಲ್ಲಿ ಅಂಥವರಿಗೆ ಬರವೇ? ಆದರೆ ಹಾಗೆ ಸೇರಿಸಿದ್ದನ್ನು ಪ್ರತಿ ಅಪ್‌ಡೇಟ್ ಆದಾಗಲೂ ನೋಡಿಕೊಳ್ಳುವ ಹೊಣೆ ನಿಮ್ಮದೇ. ಅದಕ್ಕೆ ಜನ ಇಲ್ಲದಿದ್ದರೆ ಇದ್ದದ್ದರಲ್ಲೇ ಹೊಂದಿಸಿಕೊಳ್ಳಿ.

ಹಳೆಯ ‘ನುಡಿ’ ಸಾಫ್ಟ್‌ವೇರ್ ಫೈಲಿನ ಕನ್ನಡವನ್ನು ಹಾಗೇ ಅಂಟಿಸಿದರೆ ಎರಡರಲ್ಲೂ ಅಕ್ಷರ ಕೆಡುತ್ತದೆ. ಮೊದಲು ಯೂನಿಕೋಡ್‌ಗೆ ಬದಲಿಸಿ. ಸ್ಟೋರಿಲೈನ್‌ಗೆ ಉಚಿತ ಟ್ರಯಲ್ ಇದೆ, ಚಂದಾ ಕಟ್ಟುವ ಮುಂಚೆ ಒಂದು ಕನ್ನಡ ಪಾಠ ಮಾಡಿ ನೋಡಿ.