ಸರ್ಫಿಂಗ್, ಕಯಾಕ್, ಪ್ಯಾಡಲ್ ಬೋರ್ಡ್: ಮೊದಲು ಯಾವುದು?

ಈಜು ಅಷ್ಟಕ್ಕಷ್ಟೇ ಎನ್ನುವವರು ಕಯಾಕ್ ಆರಿಸಿಕೊಳ್ಳಿ, ಲೈಫ್ ಜಾಕೆಟ್ ಮಾತ್ರ ಬಿಡಬೇಡಿ. ಕೂತು ಹುಟ್ಟು ಹಾಕುವುದರಿಂದ ದೇಹದ ಭಾರ ನೀರಿಗೆ ಹತ್ತಿರವಿರುತ್ತದೆ, ದೋಣಿ ಸುಲಭಕ್ಕೆ ಮಗುಚದು. ಮೊದಲ ದಿನವೇ ಒಂದಿಷ್ಟು ದೂರ ಹೋಗಿಬರಬಹುದು. ಅಳಿವೆಯಲ್ಲಾದರೆ ಭರತ-ಇಳಿತದ ವೇಳೆ ನೋಡಿ ಹೊರಡಿ. ಇಳಿತದಲ್ಲಿ ನೀರು ಕಡಲಿನತ್ತ ಎಳೆಯುತ್ತದೆ.

ಹಲಗೆಯ ಮೇಲೆ ನಿಂತು ಹುಟ್ಟು ಹಾಕುವ ಪ್ಯಾಡಲ್ ಬೋರ್ಡ್ ನಿಶ್ಚಲ ನೀರಿನಲ್ಲಿ ಸೊಗಸು. ಗಾಳಿ ಎದ್ದರೆ ನಿಂತವರ ಮೈಯೇ ಹಾಯಿಯಾಗಿಬಿಡುತ್ತದೆ. ನೆಲದಿಂದ ಕಡಲಿಗೆ ಬೀಸುವ ಗಾಳಿಯಂತೂ ಅಪಾಯ: ದಡದಲ್ಲಿ ನೀರು ಶಾಂತವಾಗಿ ಕಂಡರೂ ಬೋರ್ಡ್ ದೂರ ಸಾಗುತ್ತದೆ. ಆಗ ಮಂಡಿಯೂರಿ ಹುಟ್ಟು ಹಾಕಿ, ಬೋರ್ಡ್ ಬಿಟ್ಟು ಈಜಬೇಡಿ.

ಸರ್ಫಿಂಗ್‌ನ ಹುಚ್ಚೇ ಬೇರೆ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿ ಸ್ಪರ್ಧೆಯಾಗಿ ಬಂದ ಈ ಆಟಕ್ಕೆ ಈಜು ಚೆನ್ನಾಗಿ ಬರಲೇಬೇಕು. ಆರಂಭದ ಪಾಠವೆಲ್ಲ ಒಡೆದ ಅಲೆಯ ನೊರೆಯಲ್ಲೇ, ಉದ್ದನೆಯ ಮೆತ್ತನೆ ಬೋರ್ಡ್ ಮೇಲೆ. ನಿಲ್ಲುವುದಕ್ಕಿಂತ ಬೀಳುವುದೇ ಹೆಚ್ಚು, ಭುಜ ಸೋಲುತ್ತದೆ. ಆದರೂ ಅಲೆ ತಾನಾಗಿ ನಿಮ್ಮನ್ನು ಹೊತ್ತು ಸಾಗುವ ಆ ಕೆಲವು ಕ್ಷಣಗಳಿಗೆ ಸಾಟಿಯಿಲ್ಲ. ರಿಪ್ ಕರೆಂಟ್ (ದಡದಿಂದ ಕಡಲಿನತ್ತ ಎಳೆಯುವ ಬಿರುಸಿನ ಸೆಳೆತ) ಸೆಳೆದರೆ ಬೋರ್ಡ್ ಹಿಡಿದುಕೊಂಡೇ ದಡಕ್ಕೆ ಸಮಾನಾಂತರವಾಗಿ ಸರಿಯಿರಿ, ಎದುರು ಸೆಣಸಬೇಡಿ.

ಜೆಟ್ ಸ್ಕೀ? ವೇಗದ ಖುಷಿ ಸಿಗುತ್ತದೆ, ಕಲಿಕೆ ಕಡಿಮೆ.

ಯಾವುದೇ ಇರಲಿ, ಜೋರು ಮಳೆಯ ಬೆನ್ನಿಗೇ ನಗರದ ಕಡಲಿಗೆ ಇಳಿಯಬೇಡಿ. ಚರಂಡಿಯ ಕೊಳೆಯೆಲ್ಲ ಆಗ ಅಲ್ಲಿಗೇ ಹರಿದಿರುತ್ತದೆ.