ಲಿಂಬೆ ಪರಿಮಳದ ಸೆಂಟ್ ಕುತ್ತಿಗೆಗೆ ಹಾಕಿ ಬಿಸಿಲಿಗೆ ಹೋಗಬೇಡಿ

ಮೇ ತಿಂಗಳಲ್ಲಿ ತಂಗಿಯ ಮದುವೆ. ಬದಿಯಡ್ಕದಿಂದ ಸ್ವಲ್ಪ ಒಳಗೆ ನಮ್ಮ ಮನೆ, ಅಂಗಳದಲ್ಲೇ ಚಪ್ಪರ. ನಾಲ್ಕು ದಿನ ಮೊದಲು ಬಟ್ಟೆ ತರಲು ಕಾಸರಗೋಡು ಪೇಟೆಗೆ ಹೋದವನು ಒಂದು ಸೆಂಟನ್ನೂ ತಂದೆ. ಅದು ಕೊಟ್ಟ ಕಲೆ ಆರು ತಿಂಗಳಾದರೂ ನನ್ನ ಕುತ್ತಿಗೆಯಲ್ಲಿದೆ. ಲಿಂಬೆ, ಮಸಾಲೆ, ಚಪ್ಪಲಿ ಮಾಡುವ ಚರ್ಮ ಮೂರೂ ಸೇರಿದ ಪರಿಮಳ ಗಂಡಸರಿಗೆ ಈಗ ತುಂಬ ಇಷ್ಟ. ಅಂಥದ್ದು ಹಾಕುವವರು ಇದನ್ನು ದಯವಿಟ್ಟು ಪೂರ್ತಿ ಓದಿ.

ಅಂಗಡಿಯಲ್ಲಿ ಎಸಿ ತಣ್ಣಗಿತ್ತು. ಹುಡುಗ ಉದ್ದದ ಕಾಗದದ ಚೂರಿಗೆ ಸ್ಪ್ರೇ ಹೊಡೆದು ಕೊಟ್ಟ. "ಏಟ್ಟಾ, ಒಳ್ಳೆ ಸಾಧನ. ದುಬೈಯಲ್ಲಿ ಇದೇ ಓಡುವುದು" ಎಂದ. ಲಿಂಬೆ ಸಿಪ್ಪೆಯನ್ನು ಮೂಗಿನ ಹತ್ತಿರ ಹಿಂಡಿದ ಹಾಗೆ ಪರಿಮಳ. ಅದರ ಹಿಂದೆಯೇ ಕರಿಮೆಣಸು, ಲವಂಗ. ಚರ್ಮದ ವಾಸನೆ ಆಗ ಬಂದೇ ಇರಲಿಲ್ಲ. ದೊಡ್ಡ ಕಂಪನಿಯ ಸೆಂಟಿನ ತರಹದ್ದೇ, ಆದರೆ ಅಂಗಡಿಯವರೇ ತುಂಬಿಸಿದ್ದು. ಬಾಟಲಿ ಮೇಲೆ ಒಂದು ನಂಬರ್ ಇದ್ದ ಸ್ಟಿಕ್ಕರ್ ಮಾತ್ರ. ಯಾರು ಮಾಡಿದ್ದು, ಯಾವಾಗ ಮಾಡಿದ್ದು, ಒಳಗೇನಿದೆ, ಒಂದೂ ಇಲ್ಲ. ಪರಿಮಳ ಹಿಡಿಸಿತು, ತಂದೆ.

ಪರೀಕ್ಷೆ ಮಾಡದೆ ಹಾಕಲಿಲ್ಲ. ರಾತ್ರಿ ಮೊಣಕೈ ಒಳಬದಿಗೆ ಹಚ್ಚಿ ಮಲಗಿದೆ. ಮರುದಿನ ಪೂರ್ತಿ ತೋಳಿನ ಅಂಗಿ ಹಾಕಿದ್ದೆ. ತುರಿಕೆ ಇಲ್ಲ, ಕೆಂಪಾಗಲಿಲ್ಲ. ಸರಿ, ನನಗೆ ಒಗ್ಗುತ್ತದೆ ಎಂದುಕೊಂಡೆ.

ಮದುವೆಯ ದಿನ ಹತ್ತು ಗಂಟೆಗೆ ಎರಡೂ ಕಿವಿಯ ಕೆಳಗೆ ಹೊಡೆದೆ. ಪಂಪ್ ಸರಿ ಇರಲಿಲ್ಲ. ಬಲಬದಿಯಲ್ಲಿ ಹನಿ ಕಟ್ಟಿ ಕಾಲರ್ ತನಕ ಇಳಿಯಿತು, ಬೆರಳಲ್ಲಿ ಒರೆಸಿಬಿಟ್ಟೆ. ಆಮೇಲೆ ದಿಬ್ಬಣ ಎದುರುಗೊಳ್ಳಲು, ಗಾಡಿ ನಿಲ್ಲಿಸಲು ಜಾಗ ತೋರಿಸಲು ಎರಡು ಗಂಟೆ ಗೇಟಿನ ಹತ್ತಿರ ಬಿಸಿಲಲ್ಲೇ ನಿಂತಿದ್ದೆ.

ಧಾರೆ ಹೊತ್ತಿಗೆ ಲಿಂಬೆ ಪರಿಮಳ ಹೋಗಿತ್ತು. ಸಿಪ್ಪೆಯ ಎಣ್ಣೆ ಬೇಗ ಹಾರಿಹೋಗುತ್ತದೆ, ಅರ್ಧ ಗಂಟೆ ನಿಂತರೆ ಹೆಚ್ಚು. ಉಳಿಯುವುದು ಅಡಿಯ ವಾಸನೆ. ಹೊಸ ಚಪ್ಪಲಿ ಅಂಗಡಿಗೆ ಹೊಗೆ ಹಾಕಿದ ಹಾಗಿತ್ತು. ಇಂಥ ಸೆಂಟಿನಲ್ಲಿ ನಿಜವಾದ ಚರ್ಮ ಇರುವುದಿಲ್ಲ. ಬರ್ಚ್ ಮರದ ತೊಗಟೆಯಿಂದ ತೆಗೆದ ಟಾರ್ ಎಣ್ಣೆಯೋ ಲ್ಯಾಬಿನಲ್ಲಿ ಮಾಡಿದ ರಾಸಾಯನಿಕವೋ ಆ ವಾಸನೆ ಕೊಡುತ್ತದೆ. ಒಣ ಚಳಿಯ ಊರಿನಲ್ಲಿ ಅದು ಚೆನ್ನಾಗಿರಬಹುದು. ನಮ್ಮ ಕರಾವಳಿಯ ಮೇ ತಿಂಗಳ ಸೆಕೆಯಲ್ಲಿ, ಬೆವರಿನ ಜೊತೆ, ಜನ ತುಂಬಿದ ಚಪ್ಪರದಲ್ಲಿ ಉಸಿರು ಕಟ್ಟುತ್ತದೆ. ಪಕ್ಕದಲ್ಲಿ ಕೂತಿದ್ದ ದೊಡ್ಡಮ್ಮ ತಲೆ ನೋಯುತ್ತದೆ ಎಂದು ಎದ್ದು ಹೋದರು. ಐದು ನಿಮಿಷ ಕಾಗದ ಮೂಸಿ ನೋಡಿ ತಂದದ್ದರ ಫಲ ಅದು.

ಮರುದಿನ ಸಂಜೆ ಕುತ್ತಿಗೆ ಉರಿಯತೊಡಗಿತು. ಎರಡನೇ ದಿನ ಕಿವಿಯ ಕೆಳಗಿಂದ ಕಾಲರ್ ತನಕ ಬೆರಳಗಲದ ಕೆಂಪು ಗೆರೆ. ಹನಿ ಇಳಿದ ದಾರಿಯೇ ಅದು, ಎಲ್ಲಿ ಒರೆಸಿದ್ದೆನೋ ಅಲ್ಲಿ ಸ್ವಲ್ಪ ಪಕ್ಕಕ್ಕೆ ಹರಡಿತ್ತು. ಮೂರನೇ ದಿನ ಸಣ್ಣ ಸಣ್ಣ ನೀರುಗುಳ್ಳೆ. "ಗೇರುಬೀಜದ ಸೊನೆ ತಾಗಿತಾ ಮಗಾ?" ಅಂದರು ಅಮ್ಮ. ಗೇರಿನ ಸಮಯ, ನೋಡಲೂ ಹಾಗೆಯೇ ಇತ್ತು. ಆದರೆ ನಾನು ಗುಡ್ಡೆಗೇ ಹೋಗಿರಲಿಲ್ಲ.

ಮಂಗಳೂರಿನ ಚರ್ಮದ ಡಾಕ್ಟರ್ ಗೆರೆ ನೋಡಿದ ಕೂಡಲೇ ಕೇಳಿದ್ದು, "ಏನು ಸೆಂಟ್ ಹಾಕಿದ್ರಿ? ಆಮೇಲೆ ಬಿಸಿಲಿಗೆ ಹೋಗಿದ್ರಾ?" ಬಾಟಲಿ ತೋರಿಸಿದೆ. ಬರ್ಗಮಾಟ್ ಅಂತ ಒಂದು ಹುಳಿಹಣ್ಣು, ಇಟಲಿಯ ಕಲಾಬ್ರಿಯಾದಲ್ಲಿ ಜಾಸ್ತಿ ಬೆಳೆಯುತ್ತಾರೆ. ಅದರ ಸಿಪ್ಪೆ ಎಣ್ಣೆಯನ್ನು ಇಂಥ ಸೆಂಟಿಗೆ ಹೆಚ್ಚಾಗಿ ಹಾಕುತ್ತಾರೆ. ಅದರಲ್ಲಿ ಬರ್ಗಾಪ್ಟೆನ್ ಎಂಬ ವಸ್ತು ಇದೆ. ಬರೀ ಚರ್ಮದ ಮೇಲಿದ್ದರೆ ಸುಮ್ಮನಿರುತ್ತದೆ, ಬಿಸಿಲಿನ ಯುವಿ ಕಿರಣ ಬಿದ್ದರೆ ಚರ್ಮ ಸುಡುತ್ತದೆ. ಲಿಂಬೆ ಸಿಪ್ಪೆ ಹಿಂಡಿ ತೆಗೆದ ಎಣ್ಣೆಯಲ್ಲೂ ಅದೇ ಜಾತಿಯ ವಸ್ತುಗಳಿವೆ. ಸಿಹಿ ಕಿತ್ತಳೆ ಎಣ್ಣೆಯಿಂದ ಅಷ್ಟು ಭಯ ಇಲ್ಲ. ಇದು ಹೊಸ ಸಂಗತಿಯೂ ಅಲ್ಲ. ಕಲೋನ್ ಎಂಬ ಹುಳಿಹಣ್ಣಿನ ಪರಿಮಳದ ಸೆಂಟ್ ಹಚ್ಚಿ ಬಿಸಿಲಿಗೆ ಹೋದವರ ಚರ್ಮ ಕಪ್ಪಾಗುವುದನ್ನು 1916ರಲ್ಲೇ ವೈದ್ಯರು ಬರೆದಿಟ್ಟಿದ್ದಾರೆ.

ನನ್ನ ಪರೀಕ್ಷೆ ಎಲ್ಲಿ ತಪ್ಪಿತು ಎಂದು ಆಗ ಗೊತ್ತಾಯಿತು. ಮೊಣಕೈಗೆ ಬಿಸಿಲೇ ಬಿದ್ದಿರಲಿಲ್ಲ, ಅಲ್ವಾ? ಒಳಬದಿ, ಮೇಲಿಂದ ತೋಳು ಮುಚ್ಚಿದ ಅಂಗಿ. ಅಲರ್ಜಿ ಇದ್ದರೆ ಆ ಪರೀಕ್ಷೆಯಲ್ಲಿ ತಿಳಿಯಬಹುದು, ಲವಂಗ, ದಾಲ್ಚಿನ್ನಿ ಎಣ್ಣೆಗಳು ಕೆಲವರಿಗೆ ಹಾಗೆ ತುರಿಕೆ ತರುತ್ತವೆ. ಬಿಸಿಲು ಸೇರಿ ಆಗುವ ಸುಟ್ಟಗಾಯ ಅದರಲ್ಲಿ ಗೊತ್ತೇ ಆಗುವುದಿಲ್ಲ. ಮನೆಯಲ್ಲಿ ಹಚ್ಚಿ ನೋಡಿ ಧೈರ್ಯ ತಂದುಕೊಳ್ಳುವವರು ಇದನ್ನು ಗಮನಿಸಿ.

ಬರ್ಗಾಪ್ಟೆನ್ ತೆಗೆದ ಎಣ್ಣೆಯೂ ಸಿಗುತ್ತದೆ. ತೆಗೆಯದೆ ಹಾಕುವುದಾದರೆ, ಬಿಸಿಲಿಗೆ ಬೀಳುವ ಚರ್ಮಕ್ಕೆ ಹಚ್ಚುವ ಸೆಂಟಿನಲ್ಲಿ ಬರ್ಗಮಾಟ್ ಎಣ್ಣೆ 0.4 ಶೇಕಡಾ ಮೀರಬಾರದು ಎಂದು ಸುಗಂಧ ಉದ್ಯಮದ ಸಂಸ್ಥೆ ಇಫ್ರಾ ಮಿತಿ ಇಟ್ಟಿದೆ. ಹೆಸರಿಲ್ಲದ ಬಾಟಲಿಗೆ ಯಾವ ಎಣ್ಣೆ ಎಷ್ಟು ಸುರಿದಿದ್ದಾರೆಂದು ಯಾರನ್ನು ಕೇಳುವುದು? ತಯಾರಕರ ಹೆಸರು, ವಿಳಾಸ, ಬ್ಯಾಚ್ ನಂಬರ್, ಒಳಗಿನ ವಸ್ತುಗಳ ಪಟ್ಟಿ ಇಲ್ಲದ ಸೆಂಟನ್ನು ಮೈಗೆ ತಾಗಿಸಬೇಡಿ. ಪಟ್ಟಿ ಇದ್ದರೂ ಲಿಂಬೆ, ಬರ್ಗಮಾಟ್ ಪರಿಮಳದ್ದನ್ನು ಹಗಲಲ್ಲಿ ಕುತ್ತಿಗೆಗೆ, ಕೈಗೆ ಹಾಕಬೇಡಿ. ಎದೆಗೆ, ಅಂಗಿ ಮುಚ್ಚುವ ಕಡೆ ಹಾಕಿ, ಇಲ್ಲವೇ ಸಂಜೆ ಮೇಲೆ. ಕೊಳ್ಳುವ ಮೊದಲು ಕಾಗದದ ಚೂರನ್ನು ಜೇಬಿನಲ್ಲಿಟ್ಟುಕೊಂಡು ಪೇಟೆ ಕೆಲಸ ಮುಗಿಸಿ ಬನ್ನಿ. ಎರಡು ಗಂಟೆ ಕಳೆದ ಮೇಲೆ ಮೂಸಿ ನೋಡಿ.

ಗುಳ್ಳೆ ಹತ್ತು ದಿನದಲ್ಲಿ ಒಣಗಿತು. ಆಮೇಲೆ ಗೆರೆ ಕಂದು ಬಣ್ಣಕ್ಕೆ ತಿರುಗಿ ಹಾಗೇ ನಿಂತಿತು. ಈಗ ಸ್ವಲ್ಪ ತಿಳಿಯಾಗಿದೆ. ಬಿಸಿಲಿಗೆ ಹೋಗುವಾಗ ಈಗಲೂ ಟವೆಲ್ ಸುತ್ತುತ್ತೇನೆ.

ಅಂಗಡಿಗೂ ಹೋಗಿ ಕುತ್ತಿಗೆ ತೋರಿಸಿದೆ. ಬೇರೆ ಯಾರೂ ದೂರು ಕೊಟ್ಟಿಲ್ಲ ಎಂದರು. ಹೋದ ವಾರ ಆ ದಾರಿಯಲ್ಲಿ ಹೋಗುವಾಗ ನೋಡಿದೆ. ಅದೇ ನಂಬರಿನ ಬಾಟಲಿಗಳು ಎದುರಿನ ಕಪಾಟಿನಲ್ಲೇ ಇವೆ.