ಎರಡು ಸ್ಯೂಡೋವೈರ್ ಎಂದರೆ ಎರಡು ದಾರಿ ಎಂದು ನಂಬಿ ಸಹಿ ಹಾಕಬೇಡಿ

ಮಂಗಳೂರು ಮತ್ತು ಉಡುಪಿಯ ನಮ್ಮ ಕಚೇರಿಗಳ ಇಪಿಎಬಿಎಕ್ಸ್‌ಗಳನ್ನು (ಕಚೇರಿಯ ಒಳಗಿನ ಟೆಲಿಫೋನ್ ಎಕ್ಸ್‌ಚೇಂಜ್) ಜೋಡಿಸುವ, ಹಲವು ಕರೆಗಳನ್ನು ಒಟ್ಟಿಗೆ ಸಾಗಿಸುವ ಇ1 ಲೈನಿಗೆ ಬ್ಯಾಕಪ್ ಮಾಡಿಸಲು ಹೋಗಿ ನಾನು ಮೋಸಹೋಗಿದ್ದೇನೆ. ಹಣ ಸಂಸ್ಥೆಯದು, ಆದರೆ ಕೆಲಸ ಸರಿಯಾಗಿದೆ ಎಂಬ ಕಾಗದದ ಮೇಲಿರುವ ಸಹಿ ನನ್ನದು. ಇದೇ ಕೆಲಸ ಮಾಡಿಸುತ್ತಿರುವವರು ದಯವಿಟ್ಟು ಪೂರ್ತಿ ಓದಿ.

ಹಳೆಯ ಲೀಸ್ಡ್ ಲೈನ್ ನಿಲ್ಲಿಸುವುದಾಗಿ ನೋಟಿಸ್ ಬಂದ ಮೇಲೆ, 2.048 ಎಂಬಿಪಿಎಸ್‌ನ ಇಡೀ ಇ1 ಅನ್ನು ಪ್ಯಾಕೆಟ್‌ಗಳಲ್ಲಿ ತುಂಬಿ ಎಂಪಿಎಲ್‌ಎಸ್ ಎಂಬ ಪ್ಯಾಕೆಟ್ ಜಾಲದ ಮೇಲೆ ಸಾಗಿಸುವ ವ್ಯವಸ್ಥೆಗೆ ನಾವು ಬದಲಾದೆವು. ಹೀಗೆ ಪ್ಯಾಕೆಟ್ ಜಾಲದ ಮೇಲೆ ಹಳೆಯ ಲೈನಿನಂತೆಯೇ ನಡೆದುಕೊಳ್ಳುವ ಸಂಪರ್ಕಕ್ಕೆ ಸ್ಯೂಡೋವೈರ್ ಎನ್ನುತ್ತಾರೆ. ಪ್ಯಾಕೆಟಿಗೆ 256 ಬೈಟ್, ಸೆಕೆಂಡಿಗೆ 1,000 ಪ್ಯಾಕೆಟ್. ಈ ಹರಿವು ನಿಂತರೆ 30 ಮಾತಿನ ಚಾನೆಲ್‌ಗಳೂ ಒಟ್ಟಿಗೇ ಹೋಗುತ್ತವೆ. ಅದಕ್ಕಾಗಿಯೇ ಎರಡನೇ ಸ್ಯೂಡೋವೈರ್ ಬೇಕೆಂದು ಕೇಳಿದ್ದೆವು. ಒಂದು ಹೆದ್ದಾರಿ 66ರಲ್ಲಿ ಮೂಲ್ಕಿ, ಪಡುಬಿದ್ರಿ, ಕಾಪು ಮೂಲಕ, ಇನ್ನೊಂದು ಮೂಡುಬಿದಿರೆ, ಕಾರ್ಕಳ ಸುತ್ತಿಕೊಂಡು ಬರುತ್ತದೆ ಎಂದು ಲೈನ್ ಕೊಡುವ ಕಂಪನಿಯ ಇಂಜಿನಿಯರ್ ನಕ್ಷೆಯ ಮೇಲೆ ಬೆರಳಿಟ್ಟು ತೋರಿಸಿದ್ದರು.

ಹಸ್ತಾಂತರದ ದಿನ ಅವರು ಲ್ಯಾಪ್‌ಟಾಪಿನಲ್ಲಿ ಆದೇಶ ಕೊಟ್ಟು ಮೊದಲ ಸ್ಯೂಡೋವೈರನ್ನು ನಿಲ್ಲಿಸಿದರು, ಎರಡನೆಯದು ಎದ್ದಿತು, ಕರೆ ಮತ್ತೆ ಸಿಕ್ಕಿತು. ಫೈಬರನ್ನೇ ಕಿತ್ತು ನೋಡೋಣ ಎಂದು ನಾನು ಹೇಳಿದ್ದೆ. "ಅದು ಬೇಡ ಸರ್, ಅದರ ಮೇಲೆ ಬೇರೆಯವರ ಲೈನೂ ಉಂಟು" ಎಂದರು. ಆ ಮಾತಿಗೆ ನಾನು ಒಪ್ಪಿಕೊಂಡೆ. ಒಪ್ಪಬಾರದಿತ್ತು.

ಪಡುಬಿದ್ರಿಯ ಹತ್ತಿರ ಜೆಸಿಬಿ ನೆಲ ಅಗೆಯುವಾಗ ಫೈಬರ್ ಕಟ್ ಆದ ದಿನ, ಎರಡೂ ಸ್ಯೂಡೋವೈರ್ ಒಂದೇ ಕ್ಷಣದಲ್ಲಿ ಸತ್ತವು. ಟ್ರಂಕ್ ಕಾರ್ಡಿನಲ್ಲಿ ಎಐಎಸ್ ಅಲಾರಂ (ಆ ಕಡೆಯ ಸಂಕೇತ ಬರುತ್ತಿಲ್ಲ ಎಂಬ ಸೂಚನೆ), ಉಡುಪಿಯ ಒಂದು ಎಕ್ಸ್‌ಟೆನ್ಶನ್ನೂ ಸಿಗುತ್ತಿಲ್ಲ. ರಾತ್ರಿ ಲೈನ್ ಬಂದ ಮೇಲೆ ಎರಡೂ ಸ್ಯೂಡೋವೈರ್‌ಗಳ ಟ್ರೇಸ್ (ಪ್ಯಾಕೆಟ್ ಸಾಗುವ ದಾರಿಯ ಪಟ್ಟಿ) ತೆಗೆದು ಒಂದರ ಕೆಳಗೊಂದು ಇಟ್ಟು ನೋಡಿದೆ. ನಾಲ್ಕು ಹಾಪ್‌ಗಳು (ದಾರಿಯ ರೂಟರ್‌ಗಳು), ನಾಲ್ಕೂ ಅವೇ ವಿಳಾಸಗಳು. ಮತ್ತೊಮ್ಮೆ ತೆಗೆದೆ, ಅವೇ ನಾಲ್ಕು ವಿಳಾಸಗಳು. ಕಾರ್ಕಳದ ಕಡೆಯ ಫೈಬರಿಗೆ ನಮ್ಮ ರೂಟರನ್ನು ಸೇರಿಸಿಯೇ ಇರಲಿಲ್ಲ! ಕೀಳಬೇಡಿ ಎಂದು ಅಂದು ಏಕೆ ಹೇಳಿದರೆಂಬುದು ಆಗ ಹೊಳೆಯಿತು. ಕಿತ್ತಿದ್ದರೆ ಅಲ್ಲಿಯೇ ಗೊತ್ತಾಗುತ್ತಿತ್ತು.

ಮರುದಿನ ಫೋನ್ ಮಾಡಿದರೆ "ನಮ್ಮ ಪರದೆಯಲ್ಲಿ ಎರಡೂ ಹಸಿರೇ ಇತ್ತಲ್ಲ ಸರ್" ಎಂಬ ಉತ್ತರ. ಬರಹದಲ್ಲಿ ಕೇಳಿದಾಗ ಬಂದ ಉತ್ತರವನ್ನು ನಾನು ಮರೆಯಲಾರೆ: "ಒಪ್ಪಂದದಲ್ಲಿ ಸ್ಯೂಡೋವೈರ್ ರಿಡಂಡೆನ್ಸಿ ಎಂದಿದೆ, ಬೇರೆ ದಾರಿ ಎಂದು ಎಲ್ಲಿಯೂ ಇಲ್ಲ." ಇದು ಅಕ್ಷರಶಃ ನಿಜ, ಅದಕ್ಕೇ ಇಷ್ಟು ಸಿಟ್ಟು. 2012ರ ಆರ್‌ಎಫ್‌ಸಿ 6718 ಎಂಬ ತಾಂತ್ರಿಕ ದಾಖಲೆ ಸ್ಯೂಡೋವೈರ್ ರಿಡಂಡೆನ್ಸಿ (ಬದಲಿ ಸ್ಯೂಡೋವೈರ್) ಎಂದು ಹೇಳುವ ವ್ಯವಸ್ಥೆ ಯಾವ ಸ್ಯೂಡೋವೈರ್ ದುಡಿಯಬೇಕು, ಯಾವುದು ಕಾಯಬೇಕು ಎಂಬುದಕ್ಕೆ ಸಂಬಂಧಿಸಿದ್ದು. ಅವು ಯಾವ ಫೈಬರಿನ ಮೇಲೆ ಓಡುತ್ತವೆ ಎಂಬುದು ಕೆಳಗಿನ ಟನಲ್‌ನ, ಅಂದರೆ ಸ್ಯೂಡೋವೈರನ್ನು ಹೊತ್ತು ಸಾಗುವ ದಾರಿಯ, ವಿಷಯ. ಇದು ಅವರಿಗೆ ಗೊತ್ತಿತ್ತು, ಗೊತ್ತಿದ್ದೇ ನಕ್ಷೆಯ ಮೇಲೆ ಕಾರ್ಕಳ ತೋರಿಸಿದರು.

ಜಗಳವಾದ ಮೇಲೆ ತಾತ್ಕಾಲಿಕವಾಗಿ ಕಾರ್ಕಳದ ದಾರಿ ಜೋಡಿಸಿದರು. ಅದರ ಮೇಲೆ ಹೋದಾಗಲೆಲ್ಲ ಮಾತಿನ ನಡುವೆ ಚಟಪಟ ಸದ್ದು, ಅರ್ಧಕ್ಕೆ ನಿಲ್ಲುವ ಫ್ಯಾಕ್ಸ್. "ನಿಮ್ಮ ಇಪಿಎಬಿಎಕ್ಸ್ ಹಳತಾಯಿತು ಸರ್" ಎಂದರು. ಕಾರಣ ಅದಲ್ಲ: ಪ್ಯಾಕೆಟ್ ಬರುವ ಲಯದಿಂದಲೇ ಕ್ಲಾಕ್ (ಎರಡೂ ತುದಿ ಒಂದೇ ವೇಗದಲ್ಲಿ ನಡೆಯಲು ಬೇಕಾದ ತಾಳ) ಹೆಕ್ಕಿಕೊಳ್ಳುವ ಸೆಟ್ಟಿಂಗ್ ಇಟ್ಟು, ಜಿಟ್ಟರ್ ಬಫರನ್ನು (ಏರುಪೇರಾಗಿ ಬರುವ ಪ್ಯಾಕೆಟ್‌ಗಳನ್ನು ಸ್ವಲ್ಪ ತಡೆದು ಸಮವಾಗಿ ಬಿಡುವ ಜಾಗ) ಹತ್ತಿರದ ದಾರಿಗೆ ಮಾತ್ರ ಹೊಂದಿಸಿದ್ದರು. ಬಫರ್ ದೊಡ್ಡದು ಮಾಡಿಸಿದ ಕೂಡಲೇ ಸದ್ದು ನಿಂತಿತು.

ನೀವು ಮಾಡಿಸುವುದಾದರೆ ಎರಡು ದಾರಿಯ ಊರುಗಳ ಹೆಸರನ್ನೇ ಒಪ್ಪಂದದಲ್ಲಿ ಬರೆಸಿ, ಎರಡರ ಟ್ರೇಸನ್ನೂ ಕೇಳಿ ಪಡೆಯಿರಿ, ನಿಮ್ಮ ಕಣ್ಣೆದುರಿಗೇ ಫೈಬರ್ ಕೀಳಿಸಿ, ಬ್ಯಾಕಪ್ ಮೇಲೆಯೇ ಒಂದು ಇಡೀ ದಿನ ಫ್ಯಾಕ್ಸ್ ಸಹಿತ ಓಡಿಸಿ ನೋಡಿ. ಕೀಳುವುದು ಬೇಡ ಎಂದವರ ಕಾಗದಕ್ಕೆ ಸಹಿ ಹಾಕಬೇಡಿ. ಕಾರ್ಕಳದ ದಾರಿಯನ್ನು ಕಾಯಂ ಮಾಡಲು ಅವರು ಈಗ ಬೇರೆಯೇ ಕೊಟೇಶನ್ ಕಳಿಸಿದ್ದಾರೆ. ನಾನು ಅದಕ್ಕೆ ಉತ್ತರಿಸಿಲ್ಲ, ಉಳಿದ ಬಿಲ್ಲನ್ನೂ ತಡೆಹಿಡಿದಿದ್ದೇನೆ.